ಹಸಿರು ಕಾರ್ಯಕ್ರಮಕ್ಕೆ ಬಿಳಿ ಸೀರೆ

ಎಲೆ ತಟ್ಟೆಗಳು ಕೊರಿಯರಿನಲ್ಲಿ ಬಂದವು. ಒಂದೊಂದಕ್ಕೂ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಸುತ್ತಿದ್ದರು. ಮುತ್ತುಗದ ಎಲೆಯ ತಟ್ಟೆಗಳು. ನಮ್ಮ ಕಡೆ ಮುತ್ತುಗದ ಗಿಡ ಇಲ್ಲದ ಹೊಲದ ಬದುವೇ ಕಡಿಮೆ. ಇವು ಯಾವುದೋ ರಾಜ್ಯದಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬೀದರಿಗೆ ಬಂದಿದ್ದವು. ಬಿಚ್ಚಿ ಹಾಕಿದ ಮೇಲೆ ಆಫೀಸಿನ ಮೂಲೆಯಲ್ಲಿ ತಟ್ಟೆಗಳಿಗಿಂತ ಪ್ಲಾಸ್ಟಿಕ್ಕಿನ ರಾಶಿಯೇ ದೊಡ್ಡದಾಗಿತ್ತು.

“ಅದು ಫೋಟೋದಾಗ ಬರಲಾರದಂಗ ನೋಡ್ಕೋರಿ ಮೇಡಂ,” ಎಂದ ಅಮಿತಕುಮಾರ.

ಧರ್ಮಾರ್ಥ ಸಂಸ್ಥೆಗಳಿಗೆ ಕಾರ್ಯಕ್ರಮ ಏರ್ಪಡಿಸಿಕೊಡುವುದು ಅವನ ಕಸುಬು. ಗಾಂಧಿ ಗಂಜಿನಲ್ಲಿ ಕಾಳು ದಲಾಲಿಯ ಒಂದು ಅಡತ ಅಂಗಡಿಯ ಮೇಲೆ ಅವನ ಆಫೀಸು. ಕಿಟಕಿ ತೆರೆದರೆ ತೊಗರಿಯ ಧೂಳು, ಮುಚ್ಚಿದರೆ ಗೋಣಿಚೀಲದ ವಾಸನೆ. ಕಲಬುರಗಿಯಲ್ಲಿ ಸಮಾಜಕಾರ್ಯದ ಎಂ.ಎ. ಮಾಡಿದ್ದೆ. ಜನವಾಡ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ನನ್ನ ಗಂಡ ನಾಗಸೇನ ತೀರಿಕೊಂಡ ಮೇಲೆ ಇಲ್ಲಿ ಸೇರಿದೆ. ಮನೆಯಲ್ಲಿ ನಾನು, ಅತ್ತೆ ಸುಭದ್ರಾಬಾಯಿ. ಇಬ್ಬರೇ.

ವಿಧವೆಯರಿಗೆ ಹೊಲಿಗೆ ಕಲಿಸುವ ಬೆಂಗಳೂರಿನ ಒಂದು ಸಂಸ್ಥೆ ದೇಣಿಗೆ ಎತ್ತಲು ಆನ್‌ಲೈನಿನಲ್ಲೇ ನಡೆಯುವ ಒಂದು ಹಸಿರು ಕಾರ್ಯಕ್ರಮ ಮಾಡಿಕೊಡಲು ಕೇಳಿತ್ತು. ಯೋಜನೆ ಬರೆದವಳು ನಾನು. ಫ್ಲೆಕ್ಸ್ ಬೇಡ, ಹೂಗುಚ್ಛ ಬೇಡ, ನೀರಿನ ಬಾಟಲಿ ಬೇಡ. ದಾನಿಗಳು ತಮ್ಮ ಮನೆಯಲ್ಲೇ ಕೂತು ನೋಡಿದರೆ ಗಾಡಿಯ ಹೊಗೆಯೂ ಉಳಿಯುತ್ತದೆ. ಇಷ್ಟನ್ನು ನಾನು ನಂಬಿಯೇ ಬರೆದಿದ್ದೆ. ಊಟ ಸೇರಿಸಿದ್ದು ಆ ಸಂಸ್ಥೆಯ ಬೆಂಗಳೂರಿನ ಮೇಡಂ. ಪ್ರತಿ ದಾನಿಯ ಮನೆಗೂ ಒಂದು ಎಲೆ ತಟ್ಟೆ, ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೋಗಬೇಕು. ಪರದೆಯ ಮೇಲೆ ಒಬ್ಬ ವಿಧವೆ ಅದೇ ಎಲೆಯಲ್ಲಿ ಅದನ್ನೇ ಉಣ್ಣಬೇಕು. ಎಲ್ಲರೂ ಒಟ್ಟಿಗೆ ಉಣ್ಣಬೇಕು. ಕಾರ್ಯಕ್ರಮದ ಹೆಸರು ‘ಒಂದೇ ಎಲೆ’.

ವಿಧವೆಯೂ ಸಿಕ್ಕಿದ್ದಳು. ಔರಾದ ಹತ್ತಿರದ ಊರಿನ ಆರತಿ. ಕುರಿ ಸಾಕುವ ಮನೆಯವಳು, ನನಗಿಂತ ಚಿಕ್ಕವಳು. ಕಾರ್ಯಕ್ರಮದ ಮೊದಲಿಗೆ ತೋರಿಸಲಿಕ್ಕೆಂದು ಅವಳ ವಿಡಿಯೊ ಮಾಡಿಕೊಂಡು ಬಂದಿದ್ದೆವು. ಅವಳ ಮನೆಯ ನೆಲಕ್ಕೆ ಟೈಲ್ಸ್ ಇತ್ತು, ಒಳಗೆ ಫ್ರಿಜ್ ಇತ್ತು. ಆದ್ದರಿಂದ ಅಮಿತಕುಮಾರ ಅವಳನ್ನು ಕುರಿದೊಡ್ಡಿಯಲ್ಲಿ ಕೂರಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಗಂಡ ಸತ್ತ ದಿನದ್ದನ್ನು ಕೆದಕಿ ಕೆದಕಿ ಕೇಳಿದ. ಕಡೆಗೆ ಅತ್ತಳು. ನಮ್ಮ ಕಾರು ಅಷ್ಟು ಹೊತ್ತೂ ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು.

ಕಾರ್ಯಕ್ರಮಕ್ಕೆ ಇನ್ನೂ ಸ್ವಲ್ಪ ದಿನ ಇದ್ದಾಗ ಆರತಿಯ ತಾಯಿ ಗಂಗುಬಾಯಿ ಫೋನ್ ಮಾಡಿ ಬಾ ಎಂದಳು. ಬಸ್ಸಿನಲ್ಲಿ ಹೋದೆ.

“ಆಕೀದು ಉಡಕಿ ಗಟ್ಟಿ ಆಗ್ಯದ ಯವ್ವಾ,” ಎಂದಳು ಗಂಗುಬಾಯಿ, ಚಹಾ ಕೊಡುತ್ತ. “ಭಾಲ್ಕಿ ಕಡಿ ಸಾಯಗಾಂವ. ಹುಡುಗ ಹಣಮಂತ ಅಂತ. ಅವಂದೂ ಹೇಣ್ತಿ ತೀರ್ಯಾಳ.”

ಉಡಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವುದು. ಆರತಿ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು.

“ಅಂವಗ ಕುರಿ ಕಾಯಾಕ ಬರೋದಿಲ್ಲ ಅಕ್ಕಾ. ಟಾಟಾ ಏಸ್ ಹೊಡಿತಾನ. ಕುರಿ ಕಂಡ್ರ ಹಾರ್ನ್ ಹೊಡಿತಾನಂತ.”

“ಸುಮ್ಮನಿರ,” ಎಂದು ತಾಯಿ ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಹುಡುಗನ ಕಾಕಾ ಧೊಂಡಿಬಾ ಒಂದೇ ಮಾತು ಹೇಳ್ಯಾನ. ‘ನಿಮ್ಮ ಹುಡುಗಿ ಮಾರಿ ಮೊಬೈಲ್ದಾಗ ಬೇಡ್ಕೊಳ್ಳೋದು ಬಂತು ಅಂದ್ರ ನಾವು ಬರೋದಿಲ್ಲ. ಬೇಡುವಾಕೀನ ತಂದ್ರು ಅಂತ ಊರು ನಗ್ತದ.’ ಆ ವಿಡಿಯೊ ನಿನ್ನ ಕಡಿ ಅದ ಅಲ್ಲ?”

“ಅದ.”

“ಅದು ಬರಬಾರ್ದು ನೋಡು.”

ಆರತಿ ಈಗ ನಗುತ್ತಿರಲಿಲ್ಲ. ಬಸ್ ನಿಲ್ದಾಣದ ತನಕ ನನ್ನ ಜೊತೆ ನಡೆದು ಬಂದಳು. “ಉಡಕಿ ಸೀರಿ ನೀನೇ ಕೊಡಬೇಕಕ್ಕಾ. ನಮ್ಮಲ್ಲಿ ಮುತ್ತೈದಿ ಕೈ ನಡಿಯೋದಿಲ್ಲ. ನಮ್ಮಂಥೋರ ಕೈನೇ ಬೇಕಂತ. ಒಂದಕ್ಕಾದ್ರೂ ಬೇಕಾದ್ವಿ ನೋಡು.”

ಮರುದಿನ ಅಮಿತಕುಮಾರನಿಗೆ ಹೇಳಿದೆ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಬೆಂಗಳೂರಿಗೆ ವಿಡಿಯೊ ಕಾಲ್ ಮಾಡಿದ. ಮೇಡಂ ಕಿವಿಯಲ್ಲಿ ಮರದ ಓಲೆ ಹಾಕಿದ್ದರು. ಹಿಂದೆ ಒಂದು ಬಿದಿರಿನ ಗಿಡ.

“ಮದುವೆನಾ? ವಾವ್. ನಾವು ಬೇಡ ಅಂತೀವಾ? ನಾವೇ ಅದಕ್ಕೆಲ್ಲ ಸಪೋರ್ಟ್ ಮಾಡೋರು. ಆದ್ರೆ ಮಾರ್ಚ್ ಮುಗಿಯೋವರೆಗೆ ಇರೋಕೆ ಹೇಳಿ. ಮದುವೆ ಆದೋಳನ್ನ ನಾನು ದಾನಿಗಳಿಗೆ ಹೇಗೆ ತೋರಿಸ್ಲಿ?”

“ಇರೋದಿಲ್ಲ ಮೇಡಂ,” ಎಂದೆ. “ವಿಡಿಯೊ ಬಂದ್ರ ಸಂಬಂಧ ಮುರಿತದ.”

ಅವರು ಪರದೆಯಲ್ಲಿ ನನ್ನನ್ನು ನೋಡಿದರು. ಅಂಗಡಿಯಲ್ಲಿ ಒಂದು ಬಣ್ಣ ಮುಗಿದಾಗ ಇನ್ನೊಂದನ್ನು ನೋಡುವ ಹಾಗೆ.

“ಅಮಿತ್, ಇವ್ರೂ ಕೂಡ... ಅಲ್ವಾ?”

“ಹೌದ್ರಿ ಮೇಡಂ. ಹೌದ್ರಿ.” ಅವನ ಮುಖಕ್ಕೆ ಕಳೆ ಬಂತು. ನನ್ನ ಕಡೆ ಬಾಗಿ ದನಿ ತಗ್ಗಿಸಿದ. “ನೀವೇ ಕೂಡ್ರಿ. ಓದಿದವರು, ಛಂದ ಮಾತಾಡ್ತೀರಿ. ಆ ಹುಡುಗಿ ವಿಡಿಯೊ ಮುಟ್ಟೋದಿಲ್ಲ, ನನ್ನ ಮಾತು.”

ಅವನ ಬಾಯಿಂದ ಗುಟ್ಕಾ ವಾಸನೆ ಬರುತ್ತಿತ್ತು. ಹೂಂ ಎಂದೆ.

“ಬಿಳಿ ಸೀರೆ ಇದ್ಯಾ?” ಎಂದರು ಮೇಡಂ. “ಬಿಳಿ ಇದ್ರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ.”

“ಅದ,” ಎಂದೆ.

ನನ್ನ ಹತ್ತಿರ ಇರುವುದು ಒಂದೇ ಬಿಳಿ ಸೀರೆ. ಅದು ನನ್ನ ಮದುವೆಯದು. ನಾವು ಬೌದ್ಧರು. ನಮ್ಮಲ್ಲಿ ಮದುಮಗಳು ಬಿಳಿ ಉಡುತ್ತಾಳೆ, ಮದುಮಗನೂ ಬಿಳಿ ಹಾಕುತ್ತಾನೆ. ಗಂಡ ಸತ್ತವಳು ಬಿಳಿ ಉಡಬೇಕೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ. ನಾಗಸೇನ ಹೋದ ದಿನ ಬಳೆ ಒಡೆಯಬೇಕೆಂದು ಬಂದ ಒಬ್ಬ ಹೆಂಗಸನ್ನು ಅತ್ತೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ನಾನು ಟ್ರಂಕು ತೆಗೆದಾಗ ಅತ್ತೆ ಹಿಂದೆ ಬಂದು ನಿಂತರು.

“ಅದು ಲಗ್ನದ್ದು.”

“ಹೌದತ್ತಿ. ಅವರಿಗೆ ಬಿಳಿ ಬೇಕಂತ.”

“ಯಾಕ ಬೇಕಂತ?”

ಹೇಳಿದೆ. ಊಟದ್ದೂ ಹೇಳಿದೆ.

“ನೀ ಉಣ್ಣೋದನ್ನ ಅವರು ನೋಡ್ತಾರ?”

“ಹೂಂ.”

“ನಾಯಿಗೆ ರೊಟ್ಟಿ ಹಾಕಿದ್ರ ನಾವು ಆ ಕಡಿ ಮಾರಿ ಮಾಡ್ತೇವಿ, ತಿನ್ನಲಿ ಅಂತ.”

ಅಷ್ಟೇ ಹೇಳಿ ಒಳಗೆ ಹೋಗಿ ಇಸ್ತ್ರಿ ತಂದರು. ಅದು ಕಾಯುವಷ್ಟರಲ್ಲಿ ನಾನು ಒಂದು ಕೆಲಸ ಮಾಡಿದೆ. ಆಮೇಲೆ ಸೀರೆ ಹರಡಿದೆ. ಸೆರಗಿನ ಅಂಚಿಗೆ ಗುಲಾಬಿ ಬಣ್ಣದ ಒಂದು ಕಲೆ ಇತ್ತು. ಮದುವೆಯ ದಿನ ನಾಗಸೇನ ನಗುತ್ತ ನಗುತ್ತ ನನ್ನ ಮೇಲೆ ಚೆಲ್ಲಿದ ಶರಬತ್ತು. ಎಷ್ಟು ಒಗೆದರೂ ಹೋಗಿರಲಿಲ್ಲ.

ಗಂಜಿನಲ್ಲಿ ಲಾರಿಗಳ ಸದ್ದು ಎಂದು ಕಾರ್ಯಕ್ರಮವನ್ನು ನಮ್ಮ ಮನೆಯಲ್ಲೇ ಇಟ್ಟರು. ಆರತಿಯ ವಿಡಿಯೊ ತೆಗೆದಿದ್ದ ಕ್ಯಾಮೆರಾದ ರಾಹೀಲ ಬೆಳಗಿನಿಂದ ವೈರು ಎಳೆಯುತ್ತಿದ್ದ. ನನ್ನ ಪಕ್ಕಕ್ಕೆ ಒಂದು ಸೋಲಾರ್ ದೀಪ ಇಟ್ಟರು, ಅದು ಕಾಣಬೇಕು. ಅದರ ಬೆಳಕು ಸಾಲದೆ ಹಿತ್ತಲಿನಲ್ಲಿ ಡೀಸೆಲ್ ಜನರೇಟರ್ ಹಚ್ಚಿದರು, ಅದು ಕೇಳಬಾರದು. ಡೀಸೆಲ್ ಹೊಗೆ ಅಡುಗೆಮನೆಗೆ ಬರುತ್ತಿತ್ತು. ಅತ್ತೆ ಅದರಲ್ಲೇ ರೊಟ್ಟಿ ಬಡಿದರು.

ಮೇಡಂ ಪರದೆಯಲ್ಲಿ ಬಂದು ಮನೆ ನೋಡಿದರು.

“ಬುದ್ಧನ ಫೋಟೊ ಇರ್ಲಿ, ಶಾಂತವಾಗಿದೆ. ಪಕ್ಕದ್ದು ತೆಗೀರಿ. ಬ್ಯಾಕ್‌ಗ್ರೌಂಡ್ ಸ್ವಲ್ಪ ಸಾಮಾನ್ಯವಾಗಿ ಇರ್ಬೇಕು.”

ಪಕ್ಕದ್ದು ಬಾಬಾಸಾಹೇಬರ ಫೋಟೊ. ರಾಹೀಲ ಸ್ಟೂಲಿನ ಮೇಲೆ ಕಾಲಿಟ್ಟು ಅತ್ತೆಯ ಮುಖ ನೋಡಿದ.

“ತಮ್ಮಾ, ಕೆಳಗ ಇಳಿ,” ಎಂದರು ಅತ್ತೆ. “ಫೋಟೊ ತೆಗಿಯೋದಿಲ್ಲ. ಬ್ಯಾಡಾದ್ರ ಗ್ವಾಡಿ ತೆಗಿರಿ ಅಂತ ಹೇಳು ಆಕಿಗೆ.”

ರಾಹೀಲ ಇಳಿದ. ಕ್ಯಾಮೆರಾವನ್ನು ಒಂದಿಷ್ಟು ಓರೆ ಮಾಡಿದ. ಫೋಟೊದ ಅರ್ಧ ಉಳಿಯಿತು.

“ಸೆರಗಿನ ಮೇಲೆ ಅದೇನು ಕಲೆ?” ಎಂದರು ಮೇಡಂ. ನಾನು ಮಡಿಸಿಕೊಳ್ಳಲು ಹೋದೆ. “ಬೇಡ, ಬೇಡ. ಇರ್ಲಿ. ಬಡತನ ಕಾಣುತ್ತೆ.”

ಕಾರ್ಯಕ್ರಮ ಸುರುವಾಯಿತು. ನನ್ನ ಎದುರಿನ ಟಿವಿಯ ತುಂಬ ಚೌಕ ಚೌಕವಾಗಿ ಜನ. ಎಲ್ಲರ ಮುಂದೆಯೂ ಅದೇ ಎಲೆ, ಅದೇ ರೊಟ್ಟಿ. ಮೇಡಂ ಭೂಮಿತಾಯಿಯ ಬಗ್ಗೆ ಮಾತಾಡಿದರು. ಇವತ್ತು ಯಾರೂ ಗಾಡಿ ತೆಗೆಯಲಿಲ್ಲ, ಎಷ್ಟು ಹೊಗೆ ಉಳಿಯಿತು ಎಂದರು. ಎಲ್ಲರೂ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಹೆಸರು ಹೇಳಿದರು. “ನೋವಿನ ಜೊತೆ ಒಂದು ಎಲೆ ಊಟ ಮಾಡೋಣ.”

ಉಣ್ಣತೊಡಗಿದರು. ಬಾಯಿಗಳು ಅಷ್ಟು ಹತ್ತಿರದಲ್ಲಿ ಅಷ್ಟೊಂದು ಕಾಣುವುದು ನನಗೆ ಗೊತ್ತಿರಲಿಲ್ಲ. ಅಗಿಯುವ ಬಾಯಿ, ಹಲ್ಲಿನ ಸಂದಿಯ ಹಿಂಡಿ, ಅಗಿಯುತ್ತ ನನ್ನನ್ನು ನೋಡುವ ಕಣ್ಣು. ರೊಟ್ಟಿ ಮುರಿಯಲು ಬಾರದೆ ಒಬ್ಬಾಕೆ ಚಾಕು ತಂದಳು. ಒಬ್ಬ ತನ್ನ ಮೈಕು ಮುಚ್ಚಲು ಮರೆತಿದ್ದ. ಅವನ ಲೊಚಲೊಚ ಸದ್ದು ನಮ್ಮ ಮನೆಯಲ್ಲೆಲ್ಲ ಕೇಳಿಸಿತು. ಒಂದು ತುತ್ತು ನನ್ನ ಬಾಯಿಯಲ್ಲಿ ಹಾಗೆಯೇ ಇತ್ತು. ಎಲೆಗೆ ಕೊರಿಯರಿನ ಔಷಧಿ ವಾಸನೆ ಹತ್ತಿತ್ತು. ನುಂಗಿದೆ.

“ಪ್ರಣಾಲಿ, ನಿಮ್ಮ ಮಾತಿನಲ್ಲಿ ಹೇಳಿ.”

ಅವರು ಬರೆದುಕೊಟ್ಟ ಮಾತು ‘ನನ್ನ ಬಾಳು ಅಂದೇ ನಿಂತುಹೋಯಿತು’ ಎಂದು ಸುರುವಾಗುತ್ತಿತ್ತು. ನಾನು ಅದನ್ನು ಹೇಳಲಿಲ್ಲ.

“ಇದು ನನ್ನ ಮದುವೆಯ ಸೀರೆ,” ಎಂದೆ. “ನಮ್ಮಲ್ಲಿ ಮದುಮಗಳು ಬಿಳಿ ಉಡುತ್ತಾಳೆ. ಇದರ ಮೇಲಿರುವುದು ಬಡತನದ ಕಲೆ ಅಲ್ಲ. ನನ್ನ ಗಂಡ ಶರಬತ್ತು ಚೆಲ್ಲಿದ್ದು. ನನಗೆ ಓದು ಇದೆ, ಕೈಯಲ್ಲಿ ಕೆಲಸ ಇದೆ. ನೀವು ನನ್ನನ್ನು ನೋಡುತ್ತ ಉಣ್ಣುವುದು ನನಗೆ ಅಸಹ್ಯವಾಗುತ್ತಿದೆ.”

ಟಿವಿಯಲ್ಲಿ ಅಗಿಯುವ ಬಾಯಿಗಳು ನಿಂತವು. ನನಗೆ ಒಂದು ಕ್ಷಣ ಹಗುರಾಯಿತು. ಆಮೇಲೆ ಚೌಕಗಳ ಕೆಳಗೆ ಅಳುವ ಮುಖಗಳೂ ಮುಗಿದ ಕೈಗಳೂ ಕೆಂಪು ಹೃದಯಗಳೂ ಏಳತೊಡಗಿದವು. ಮೇಡಂ ಕಣ್ಣೊರೆಸಿಕೊಂಡರು. “ಎಂಥ ಪ್ರಾಮಾಣಿಕತೆ! ಗಂಡನ ನೆನಪಿಗೆ ಮದುವೆ ಸೀರೆಯಲ್ಲೇ ಬಂದಿದ್ದಾರೆ. ಈ ಕೋಪ ಕೂಡ ನೋವೇ.” ಚಾಕು ತಂದವಳು ಅಳುತ್ತ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡಳು.

ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಜನರೇಟರ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅಮಿತಕುಮಾರ ಎರಡೂ ಕೈ ಎತ್ತಿ ಬಂದ. “ಜಬರದಸ್ತ್ ಮೇಡಂ! ಯಾರೂ ಎದ್ದು ಹೋಗಿಲ್ಲ! ಬೆಂಗಳೂರು ಮೇಡಂ ಭಾಳ ಖುಷ್ ಆಗ್ಯಾರ. ನಿಮ್ಮದೂ ಆ ಔರಾದ ಹುಡುಗೀದೂ ಕೂಡಿಸಿ ಒಂದು ರೀಲ್ ಮಾಡು ಅಂದಾರ. ನಿಮ್ಮದು ಸಿಟ್ಟು, ಆಕೀದು ಅಳು. ಜೋಡಿ ಛಂದ ಆಗ್ತದ.”

“ಆಕೀದು ಮುಟ್ಟೋದಿಲ್ಲ ಅಂದಿದ್ರಿ.”

“ಅದು ಕಾರ್ಯಕ್ರಮಕ್ಕ ಅಂದಿದ್ದೆ. ಇದು ರೀಲ್. ಕೊಡ್ರಿ ಇಲ್ಲಿ.”

“ಇಲ್ಲ.”

“ಇಲ್ಲ ಅಂದ್ರ?”

“ಅಳಿಸೀನಿ. ಲ್ಯಾಪ್‌ಟಾಪ್‌ದಾಗಿಂದೂ, ಕಾರ್ಡಿಂದೂ.”

“ಯಾವಾಗ?”

“ಇಸ್ತ್ರಿ ಕಾಯುವಾಗ.”

ಅವನು ರಾಹೀಲನ ಕಡೆ ತಿರುಗಿದ. “ನಿನ್ನ ಕಡಿ ಕಾಪಿ ಇರ್ತದ ಅಲ್ಲ?”

ರಾಹೀಲ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. “ನನ್ನ ಕಡಿ ಯಾಕಿರ್ತದ್ರಿ ಸರ? ಕಾರ್ಡ್ ಪ್ರಣಾಲಿ ಆಪಾಗ ಕೊಟ್ಟಿದ್ದೆ.”

ಅವನ ಹತ್ತಿರ ಕಾಪಿ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆರತಿಯ ವಿಡಿಯೊ ಎಲ್ಲಿಯೂ ಬರಲಿಲ್ಲ. ಅಮಿತಕುಮಾರ ನನಗೆ ಬಾಯಿಗೆ ಬಂದದ್ದು ಅಂದ. ಅತ್ತೆ ಅಡುಗೆಮನೆಯಿಂದ ಬಂದು ಅವನ ಚಪ್ಪಲಿಯನ್ನು ಕಾಲಿನಿಂದ ಹೊರಗೆ ದೂಡಿದರು. ಅವನು ಹೊರಟ. ಸೋಮವಾರ ನಾನು ಗಂಜಿಗೆ ಹೋಗಲಿಲ್ಲ. ಅವನೂ ಕರೆಯಲಿಲ್ಲ.

ಉಳಿದ ತಟ್ಟೆಗಳು ನಮ್ಮ ಮನೆಯಲ್ಲೇ ಬಿದ್ದಿದ್ದವು. ಉಡಕಿಯ ದಿನ ಅವನ್ನೂ ಒಂದು ಹೊಸ ಹಸಿರು ಸೀರೆಯನ್ನೂ ತೆಗೆದುಕೊಂಡು ಔರಾದ ಬಸ್ ಹತ್ತಿದೆ.

ದೀಪ ಹಚ್ಚುವ ಹೊತ್ತು. ತೋರಣವಿರಲಿಲ್ಲ, ಬ್ಯಾಂಡ್ ಇರಲಿಲ್ಲ. ಮುತ್ತೈದೆಯರನ್ನು ಗೋಡೆಯ ಆಚೆಗೆ ಕಳಿಸಿದ್ದರು, ಉಡಕಿ ಅವರ ಕಣ್ಣಿಗೆ ಬೀಳಬಾರದೆಂದು. ಆರತಿಯ ಸ್ವಂತ ಅಕ್ಕ ಆಚೆ ನಿಂತು ಮಾತಾಡುವುದು ಕೇಳಿಸುತ್ತಿತ್ತು. ಕಳವಿನ ಮಾಲು ಸಾಗಿಸುವ ಹಾಗೆ ಎಲ್ಲ ಪಿಸುಮಾತಿನಲ್ಲಿ ನಡೆಯಿತು. ಅಲ್ಲಿಯೂ ನನಗೆ ಹೇಸಿಗೆ ಬಂತು. ಆದರೂ ಸೀರೆ ಕೊಟ್ಟೆ.

“ನಗಬ್ಯಾಡ,” ಎಂದಳು ಒಬ್ಬ ಮುದುಕಿ, ಆರತಿಯ ತಲೆಗೆ ಮೊಟಕಿ.

“ನಾ ಎಲ್ಲಿ ನಕ್ಕೆ?” ಎಂದು ಆರತಿ ನಕ್ಕಳು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಕುರಿಗಳು ಬೆದರಿದವು. ಅವಳು ಇನ್ನೂ ನಕ್ಕಳು.

ಧೊಂಡಿಬಾ ಕಾಕಾ ಹೊಸ್ತಿಲಲ್ಲಿ ನನ್ನನ್ನು ನೋಡಿದ. “ಬಿಳಿ ಸೀರಿ ಬಾಯಿ ನೀವೇ ಏನ್ರಿ? ನಿಮ್ಮ ವಿಡಿಯೊ ನಮ್ಮ ಊರ ಮೊಬೈಲ್ದಾಗ ಬಂದಿತ್ರಿ,” ಎಂದು ಕೈ ಮುಗಿದು ಒಳಗೆ ಹೋದ.

ಗಂಗುಬಾಯಿ ನಾನು ತಂದ ಎಲೆ ತಟ್ಟೆ ಎತ್ತಿ ಮೂಸಿದಳು. “ಮುತ್ತಲ ಎಲಿ ಹಿಂಗ್ಯಾಕ ನಾರ್ತದ ಯವ್ವಾ?” ಎಂದು ಕುರಿಗಳ ಮುಂದೆ ಹಾಕಿದಳು. ಒಂದು ಕುರಿ ಬಂದು ಮೂಸಿತು. ತಿನ್ನದೆ ಹೋಯಿತು.

ನನಗೆ ಸ್ಟೀಲಿನ ತಟ್ಟೆಯಲ್ಲಿ ರೊಟ್ಟಿಯನ್ನೂ ಕುರಿಯ ಸಾರನ್ನೂ ತಂದಿಟ್ಟಳು. ನಾನು ಮುಟ್ಟದೆ ಕೂತಿದ್ದೆ. ಅವಳು ಒಂದು ಗಳಿಗೆ ನಿಂತು, ನನ್ನ ಕಡೆ ಬೆನ್ನು ಮಾಡಿ ಕೂತು, ಒಲೆಯ ಬೂದಿ ಕೆದಕತೊಡಗಿದಳು.

“ಉಣ್ಣು ಯವ್ವಾ,” ಎಂದಳು. “ಯಾರೂ ನೋಡೋದಿಲ್ಲ.”