ರಟ್ಟಿನ ಡಬ್ಬದೊಳಗಿನ ಗಾಜು

ಕೊಂಡಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಬೆಳಗಾದರೆ ಸಾಕು, ಗೇಟಿನ ಮುಂದೆ ಪಾರ್ಸೆಲ್‌ಗಳ ರಾಶಿ. ಒಂದು ಬಾಚಣಿಗೆ ತರಿಸಿದರೂ ಡಬ್ಬದೊಳಗೊಂದು ಡಬ್ಬ, ಸುತ್ತಲೂ ಪ್ಲಾಸ್ಟಿಕ್. ಮೂರನೇ ಮಹಡಿಯ ವಿಶಾಲಾಕ್ಷಿಯ ಮಗ, ಸೊಸೆ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಪಾರ್ಸೆಲ್ ಬಿಚ್ಚುವುದು, ಕಸ ಹೊರಗಿಡುವುದು ವಿಶಾಲಾಕ್ಷಿಯ ಪಾಲಿಗೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಬಾಗಿಲಾಚೆ ಇಡುತ್ತಿದ್ದಳು.

ಕಸ ಒಯ್ಯಲು ಬರುವ ಶಿವದೇವಿ ಯಾದಗಿರಿ ಕಡೆಯವಳು. ತೆಲುಗರ ನಡುವೆ ಇದೊಂದು ಕನ್ನಡದ ಮನೆಯೆಂದು ಇಲ್ಲಿ ಎರಡು ಮಾತು ಹೆಚ್ಚೇ ಆಡುತ್ತಿದ್ದಳು.

"ಅಮ್ಮಾರ, ಹಸಿದು ಬ್ಯಾರೆ, ಒಣದು ಬ್ಯಾರೆ ಇಡ್ರಿ. ಒಡೆದ ಗಾಜಿದ್ರ ಪೇಪರಿನ್ಯಾಗ ಸುತ್ತಿ ಹೇಳಿ ಕೊಡ್ರಿ. ಸರ್ಕಾರದ ಕಾಯ್ದೆ ಐತಿ. ಮುನ್ಸಿಪಾಲ್ಟಿಯವ್ರು ನಮ್ಮನ್ನ ಕರೆಸಿ ಹೇಳ್ಯಾರ."

"ಕಾಯ್ದೆ ನಮಗಷ್ಟೇ ಏನು? ಇಷ್ಟು ಪ್ಲಾಸ್ಟಿಕ್ ಸುತ್ತಿ ಕಳಸೋ ಕಂಪನಿಯವ್ರಿಗಿಲ್ಲೇನು?"

"ಅವ್ರಿಗೂ ಐತ್ರಿ. ಅವ್ರ ಪ್ಲಾಸ್ಟಿಕ್ ವಾಪಸ್ ಕೂಡಿಸೋ ಜವಾಬ್ದಾರಿ ಅವ್ರದಾ. ಆದ್ರ ಸಾಂಬಾರಿನ್ಯಾಗ ತೊಯ್ದ ಕವರು ಯಾರು ತಗೋತಾರ? ಒಣ ರಟ್ಟು ಮತ್ತ ರಟ್ಟಾಗತೈತಿ. ತೊಯ್ದದ್ದು ಕಸದ ಗುಡ್ಡಕ್ಕ ಹೋಗತೈತಿ."

"ಆರಿಸೋದು ನಿನ್ನ ಕೆಲಸ. ಅದಕ್ಕಾ ಪಗಾರ ಕೊಡ್ತಾರ," ಎಂದು ವಿಶಾಲಾಕ್ಷಿ ಬಾಗಿಲು ಹಾಕಿಕೊಂಡಳು.

ಒಂದು ಸೋಮವಾರ ಪಾರ್ಸೆಲ್ಲಿನಲ್ಲಿ ಬಂದ ಗಾಜಿನ ಜಾಡಿ ಅವಳ ಕೈಜಾರಿ ಒಡೆಯಿತು. ಚೂರು ಗುಡಿಸಿ ಅದು ಬಂದಿದ್ದ ರಟ್ಟಿನ ಡಬ್ಬಕ್ಕೇ ಹಾಕಿದಳು. ಮೇಲೆ ಹಳಸಿದ ಅನ್ನ ಸುರಿದಳು. ಕೆಳಗೆ ಗೇಟಿನ ಬಳಿ ಕಸ ಆರಿಸುವಾಗ ಶಿವದೇವಿ ಅನ್ನ ಬಳಿದು ತೆಗೆಯಲು ಡಬ್ಬದೊಳಗೆ ಕೈ ಹಾಕಿದಳು. ಅವಳಿಗೆ ಯಾರೂ ಗ್ಲೌಸ್ ಕೊಟ್ಟಿರಲಿಲ್ಲ. ಅಂಗೈ ಉದ್ದಕ್ಕೆ ಸೀಳಿತು.

ಗಾಯ ಮಾಯಿತು. ಆದರೆ ನರ ಕಡಿದಿತ್ತು. ಬಲಗೈಯ ಮೂರು ಬೆರಳು ಮತ್ತೆ ಮಡಚಲೇ ಇಲ್ಲ. ಗುತ್ತಿಗೆದಾರ ಅವಳ ಜಾಗಕ್ಕೆ ಬೇರೊಬ್ಬಳನ್ನು ತಂದ. ಯಾವ ಮನೆಯ ಡಬ್ಬ ಎಂದು ಕೇಳುವ ಅಗತ್ಯವೂ ಬೀಳಲಿಲ್ಲ. ಅದರ ಮೇಲೆ ವಿಶಾಲಾಕ್ಷಿಯ ಮಗನ ಹೆಸರು, ಫ್ಲ್ಯಾಟ್ ನಂಬರು ಅಂಟಿಸಿತ್ತು.

ವಾಚ್‌ಮನ್ ತಾನು ಎತ್ತಿಟ್ಟಿದ್ದ ಆ ಡಬ್ಬ ತೋರಿಸಿ ನಡೆದದ್ದನ್ನು ವಿಶಾಲಾಕ್ಷಿಗೆ ಹೇಳಿದ. ಅವಳು ಶಿವದೇವಿಯ ವಿಳಾಸ ಕೇಳಿಕೊಂಡು ಮಿಯಾಪುರದ ತಗಡಿನ ಶೆಡ್ಡಿಗೆ ಹೋದಳು. ಶಿವದೇವಿ ಎಡಗೈಯಲ್ಲಿ ರೊಟ್ಟಿಯ ಹಿಟ್ಟು ನಾದಲು ಹೆಣಗುತ್ತಿದ್ದಳು.

"ತಪ್ಪಾತು ಶಿವದೇವಿ. ಇನ್ನ ಮ್ಯಾಲೆ ಎಲ್ಲಾ ಬ್ಯಾರೆ ಬ್ಯಾರೆ ಇಡ್ತೀನಿ."

ಶಿವದೇವಿ ತಲೆ ಎತ್ತಲಿಲ್ಲ. "ನನಗ್ಯಾಕ ಹೇಳ್ತೀರಿ ಅಮ್ಮಾರ? ನನ್ನ ಕೈ ಹೋತು. ನನ್ನ ಜಾಗಕ್ಕ ಬಂದಾಕಿ ಸಣ್ಣ ವಯಸ್ಸಿನಾಕಿ. ಆಕಿ ಕೈ ಉಳಸ್ರಿ."

ಈಗ ಆ ಮನೆಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ. ಸೊಸೆ ಬೇಕಾದ್ದನ್ನೆಲ್ಲ ಒಟ್ಟಿಗೆ ಒಂದೇ ಪಾರ್ಸೆಲ್ಲಿನಲ್ಲಿ ತರಿಸುತ್ತಾಳೆ. ಮಗ ಒಳ್ಳೆಯ ಡಬ್ಬಗಳನ್ನು ಮತ್ತೆ ಬಳಸಲು ಮಡಚಿಡುತ್ತಾನೆ. ಉಳಿದ ಮನೆಗಳಿಂದ ಇಂದಿಗೂ ಒಂದೇ ಚೀಲ ಇಳಿಯುತ್ತದೆ. ಹೊಸಬಳ ಕೈಗೂ ಯಾರೂ ಗ್ಲೌಸ್ ಕೊಡದಿದ್ದಾಗ ವಿಶಾಲಾಕ್ಷಿಯೇ ಒಂದು ಜೊತೆ ತಂದುಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ಎಸೆದದ್ದನ್ನು ಇನ್ನೊಬ್ಬರು ಕೈಯಿಂದಲೇ ಆರಿಸುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ. ಗಾಜನ್ನು ಸುತ್ತಿ, ಗುರುತು ಹಾಕಿ ಕೊಡಿ. ಬೇಡದ ಪ್ಯಾಕಿಂಗ್ ಬೇಡವೆಂದು ಅಂಗಡಿಯವರಿಗೂ ಕಂಪನಿಗೂ ಹೇಳಿ. ಕ್ಷಮೆ ಕೇಳಿದರೆ ಬೆರಳು ಮಡಚುವುದಿಲ್ಲ. ಇವತ್ತೇ ಶುರುಮಾಡಿ.