ಸೋತವರಿಗೂ ಚಪ್ಪಾಳೆ

ನಾನು ಒಂದು ಟಿವಿ ರಿಮೋಟ್. ಬಿಸಿ ಅಚ್ಚಿನೊಳಗಿಂದ ನನ್ನ ಕಪ್ಪು ಮೈಯನ್ನು ಒತ್ತಿ ತೆಗೆದರು. ಹುಟ್ಟಿದ ಬಿಸಿ ಆರಿರಲಿಲ್ಲ, ಒಂದು ಕಬ್ಬಿಣದ ಬೆರಳು ಬಂದು ನನ್ನ ಗುಂಡಿಗಳನ್ನೆಲ್ಲ ಚುಚ್ಚಿ ಚುಚ್ಚಿ ನೋಡಿತು. ಪಕ್ಕದಲ್ಲಿದ್ದ, ಅದೇ ಅಚ್ಚಿನಲ್ಲಿ ಹುಟ್ಟಿದ ನನ್ನ ತಂಗಿಗೂ ಹಾಗೇ ಮಾಡಿತು. ಲೋಕ ನನಗೆ ಮೊದಲು ಪರಿಚಯವಾದದ್ದು ಏಟಿನಿಂದ.

ದೀಪಾವಳಿಯ ರಿಯಾಯಿತಿಯಲ್ಲಿ ಹುಬ್ಬಳ್ಳಿಯ ಒಂದು ಚಾಳಿನ ಸಾಲುಮನೆಗೆ ಬಂದೆ. ನನ್ನನ್ನೂ ಟಿವಿಯನ್ನೂ ಕೊಂಡವನು ದ್ಯಾವಪ್ಪ. ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ. ಡಿಕ್ಕಿ ಹೊಡೆದು ನೆಗ್ಗಿದ ಕಾರುಗಳ ತಗಡನ್ನು ಸುತ್ತಿಗೆಯಿಂದ ಬಡಿದು ಸಪಾಟು ಮಾಡುತ್ತಿದ್ದ. "ಎರಡು ಬಡದ್ರ ಎಲ್ಲಾ ಸರಿ ಆಗತೈತಿ" ಎನ್ನುವುದು ಅವನ ಮಾತು. ಸೆಲ್ಲು ಸೋತು ನಾನು ಮಂಕಾದಾಗ ನನ್ನನ್ನು ತೊಡೆಗೆ ಬಡಿಯುತ್ತಿದ್ದ. ಚಿತ್ರ ನಡುಗಿದರೆ ಟಿವಿಯ ನೆತ್ತಿಗೆ ಗುದ್ದುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಹೆಂಡತಿ ನೀಲವ್ವನ ಬೆನ್ನಿಗೆ. ಮೂವರಿಗೂ ಒಂದೇ ಕೈ.

ನೀಲವ್ವ ಮಾತ್ರ ನನಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ನೋವಾಗದಿರಲಿ ಎಂದು ನನಗಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅದೊಂದೇ.

ರಾತ್ರಿ ಎಂಟಕ್ಕೆ 'ಬಾಗಿಲು ತೆರೆ' ಎಂಬ ಆಟ ಬರುತ್ತಿತ್ತು. ಮೂರು ಬಾಗಿಲು. ಒಂದರ ಹಿಂದೆ ಸ್ಕೂಟರ್, ಒಂದರ ಹಿಂದೆ ರೇಷ್ಮೆ ಸೀರೆ, ಒಂದರ ಹಿಂದೆ ಕುಂಬಳಕಾಯಿ. ಆಟ ಶುರುವಾದಾಗಿನಿಂದ ನೀಲವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಜ್ವರ ಬಂದರೂ ಕೌದಿ ಹೊದ್ದು ಕೂರುತ್ತಿದ್ದಳು. "ನಡಕಿಂದು ಬ್ಯಾಡವಾ, ನಡಕಿಂದು ಬ್ಯಾಡ!" ಎಂದು ಟಿವಿಯೊಳಗಿನವರಿಗೆ ಕೂಗುತ್ತಿದ್ದಳು. ಅವಳ ಅಂಗೈ ಬೆವರು ನನ್ನ ಪ್ಲಾಸ್ಟಿಕ್ಕಿಗೆ ಅಂಟುತ್ತಿತ್ತು.

ಎದುರು ಮನೆಯ ಹುಸೇನಬಿ ಒಮ್ಮೆ ಕೇಳಿದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷಿನ್ ತುಳಿದು ಬದುಕುತ್ತಿದ್ದವಳು.

"ದಿನಾ ಏನ್ ನೋಡ್ತಿ ನೀಲಕ್ಕ? ಆ ಸ್ಕೂಟರ್ ಏನ್ ನಿನ್ನ ಬಾಗಲಿಗೆ ಬಂದು ನಿಂದ್ರತೈತಿ?"

"ಸ್ಕೂಟರ್ ಯಾರಿಗೆ ಬೇಕವಾ. ಸೋತಾಕಿನ್ನ ನೋಡು. ಕೈಯಾಗ ಕುಂಬಳಕಾಯಿ ಕೊಟ್ಟು ಎಲ್ಲಾರೂ ಚಪ್ಪಾಳಿ ತಟ್ಟತಾರ. ಸೋತ್ರೂ ಯಾರೂ ಹೊಡ್ಯಂಗಿಲ್ಲ ಅಲ್ಲಿ."

ಹುಸೇನಬಿ ಅದೇ ವಾರ ದ್ಯಾವಪ್ಪ ಕೊಂಡ ಅಂಗಡಿಯಿಂದಲೇ ಅಂಥದ್ದೇ ಟಿವಿ ತಂದಳು. ಅದರ ಜೊತೆಗೆ ಬಂದವಳು ನನ್ನ ತಂಗಿ.

ಗ್ಯಾರೇಜಿನಲ್ಲಿ ಓವರ್‌ಟೈಮ್ ನಿಂತಿತು. ದ್ಯಾವಪ್ಪ ಏಳಕ್ಕೇ ಮನೆಗೆ ಬರತೊಡಗಿದ. ಎಂಟಕ್ಕೆ ಅವನಿಗೆ ಕುಸ್ತಿ ಬೇಕು. ನೀಲವ್ವ ನನ್ನನ್ನು ಸೆರಗಿನಡಿ ಬಚ್ಚಿಟ್ಟಳು. ಅವನು ಅವಳ ಮಣಿಕಟ್ಟು ತಿರುವಿ ನನ್ನನ್ನು ಕಸಿದುಕೊಂಡ. ಒಂದು ಬಳೆ ಒಡೆದು ಚೂರು ಅವಳ ಕೈಗೇ ನಾಟಿತು. ಪರದೆಯ ಮೇಲೆ ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರು. ಅವಳು ಬಾಯಿಂದ ಚೂರು ಕಚ್ಚಿ ತೆಗೆದಳು.

ಮರುದಿನ ಎಂಟಕ್ಕೆ ಕುಸ್ತಿ ತಾನಾಗಿ ಹೋಗಿ 'ಬಾಗಿಲು ತೆರೆ' ಬಂತು! ದ್ಯಾವಪ್ಪ ಕುಸ್ತಿ ಹಾಕಿದ. ಮತ್ತೆ ಬಾಗಿಲು. ನನ್ನನ್ನು ಬಡಿದ. ಟಿವಿಯ ಗುಂಡಿಗಳನ್ನು ಮುಷ್ಟಿಯಿಂದ ಗುದ್ದಿದ. ಅವು ಒಳಗೇ ಕುಸಿದು ಕೂತವು. ನನಗೆ ಗೊತ್ತಿತ್ತು: ಓಣಿ ಇಕ್ಕಟ್ಟು, ಕಿಟಕಿಗೆ ಕಿಟಕಿ ಎದುರು, ಎರಡು ಮನೆಯ ಟಿವಿಯೂ ಒಂದೇ ಥರದ್ದು, ಆಚೆಯಿಂದ ಚಾನೆಲ್ ಬದಲಿಸುತ್ತಿದ್ದವಳು ನನ್ನ ತಂಗಿ. ನೀಲವ್ವನಿಗೂ ಗೊತ್ತಿತ್ತು. ಕಿಟಕಿಯ ಪರದೆ ಸರಿಸಿಡುತ್ತಿದ್ದವಳು ಅವಳೇ. ಬೆನ್ನಿಗೆ ಏಟು ಬೀಳುತ್ತಿದ್ದರೂ ಕಣ್ಣು ಟಿವಿಯ ಮೇಲೆ.

ಒಂದು ರಾತ್ರಿ ದ್ಯಾವಪ್ಪ ತಟ್ಟನೆ ಹಿಂದೆ ತಿರುಗಿದ. ಎದುರು ಕಿಟಕಿಯ ಸರಳುಗಳ ನಡುವೆ ಹುಸೇನಬಿಯ ಕೈ, ಕೈಯಲ್ಲಿ ನನ್ನ ತಂಗಿ.

"ಇಬ್ರೂ ಕೂಡಿ ನನ್ನ ಮಂಗ್ಯಾ ಮಾಡೀರೇನಲೇ!"

ಅವನು ನನ್ನನ್ನೇ ಎತ್ತಿದ. ನನ್ನ ಮೂಲೆ ನೀಲವ್ವನ ಹುಬ್ಬಿನ ಮೇಲಿಳಿಯಿತು. ಚರ್ಮ ಸೀಳಿದ್ದು ನನ್ನ ಮೈಗೇ ತಿಳಿಯಿತು. ಎರಡನೇ ಏಟಿಗೆ ನನ್ನ ಬೆನ್ನು ಕಳಚಿತು, ಸೆಲ್ಲುಗಳು ಮಂಚದಡಿ ಉರುಳಿದವು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಟಿವಿ ಕಿರುಚಿತು.

ಆಚೆ ಕಿಟಕಿಯಲ್ಲಿ ಹುಸೇನಬಿ ವಾಲ್ಯೂಮ್ ಗುಂಡಿಯಿಂದ ಬೆರಳು ತೆಗೆಯಲಿಲ್ಲ. "ಯಾವ ಬಾಗಿಲು ತಾಯೀ?" ಎಂಬ ಕೂಗು ಗೋಡೆಗಳನ್ನು ನಡುಗಿಸಿತು. ದ್ಯಾವಪ್ಪ ಸದ್ದು ಇಳಿಸಲು ನೋಡಿದರೆ ನಾನು ಹೋಳಾಗಿದ್ದೆ. ಟಿವಿಯ ಗುಂಡಿಗಳನ್ನು ಅವನೇ ಗುದ್ದಿ ಕೊಂದಿದ್ದ. ಪರದೆಯ ಮೇಲೆ ಕುಂಬಳಕಾಯಿ ಬಂತು, ಚಪ್ಪಾಳೆ ಸಿಡಿಲಿನಂತೆ ಬಿತ್ತು. ಬೀರುವಿನ ಹಿಂದೆ ಕೈ ತೂರಿಸಿ ಪ್ಲಗ್ ಕೀಳುವಷ್ಟರಲ್ಲಿ ಚಾಳಿನವರೆಲ್ಲ ಬಾಗಿಲಿಗೆ ಬಂದಿದ್ದರು.

"ಏನ್ ಸೌಂಡಪಾ ಇದು! ಕಿವಿ ಕಿತ್ತು ಹೋದ್ವು" ಎಂದರು ಯಾರೋ.

ನೀಲವ್ವ ನನ್ನ ಹೋಳುಗಳನ್ನು ಹೆಕ್ಕಿ ಉಡಿಗೆ ಹಾಕಿಕೊಂಡು ಎದ್ದು ನಿಂತಳು. ರಕ್ತ ಕಣ್ಣಿಗೆ ಇಳಿದಿತ್ತು.

"ಇಷ್ಟ ವರ್ಷ ನನ್ನ ಸೌಂಡ್ ಕೇಳಿಸಿಲ್ಲೇನ್ರಿ ನಿಮಗ?"

ಬಾಗಿಲಲ್ಲಿ ನೆರೆದವರು ದಾರಿ ಬಿಟ್ಟರು. ಅವಳು ಓಣಿ ದಾಟಿದಳು. ಹಿಂದೆ ಬರಹೊರಟ ದ್ಯಾವಪ್ಪನಿಗೆ ಅಡ್ಡಲಾಗಿ ಹುಸೇನಬಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ಹೊಸ್ತಿಲಲ್ಲಿ ನಿಂತಳು. "ಒಳಗ ಕಾಲಿಡು. ಅಳತಿ ತಗೋತೀನಿ." ಅವನು ಕಾಲಿಡಲಿಲ್ಲ. ಆಮೇಲೆ ತನ್ನ ಕಿಟಕಿಗೆ ಒಳಗಿಂದ ತಗಡು ಬಡಿದುಕೊಂಡ.

ಈಗ ನನಗೆ ವಯಸ್ಸಾಗಿದೆ. ಹುಸೇನಬಿಯ ಮನೆಯ ಗೂಡಿನಲ್ಲಿ, ದಾರ ಸುತ್ತಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಮಲಗಿದ್ದೇನೆ. ನನ್ನ ಮೂಲೆಯ ಗುರುತು ನೀಲವ್ವನ ಹುಬ್ಬಿನ ಮೇಲಿದೆ. ದಿನವಿಡೀ ಇಬ್ಬರೂ ಲಂಗ ಹೊಲಿಯುತ್ತಾರೆ, ಎಂಟಕ್ಕೆ ಮಷಿನ್ ನಿಲ್ಲುತ್ತದೆ.

ನಿನ್ನೆ ತಂಗಿ ಕೆಲಸ ಮಾಡಲಿಲ್ಲ. ಹುಸೇನಬಿ ಅವಳನ್ನು ಅಂಗೈಗೆ ಬಡಿಯಲು ಕೈ ಎತ್ತಿದಳು. ನೀಲವ್ವ ಆ ಮಣಿಕಟ್ಟು ಹಿಡಿದಳು.

"ಹೊಡಿಬ್ಯಾಡ. ಸೆಲ್ಲ ಹೋಗಿರ್ಬೇಕು, ತಗದು ನೋಡು."

ನೀಲವ್ವನೇ ಅವಳನ್ನು ತೆಗೆದುಕೊಂಡು ಬೆನ್ನು ತೆರೆದು, ಸೆಲ್ಲುಗಳನ್ನು ಹೆಬ್ಬೆರಳಿಂದ ಮೆಲ್ಲಗೆ ಉರುಳಿಸಿದಳು. ಟಿವಿ ಹೊತ್ತಿತು. ಯಾರೋ ಹೆಂಗಸು ನಡುವಿನ ಬಾಗಿಲು ತೆರೆದಿದ್ದಳು. ಕುಂಬಳಕಾಯಿ.

ನೀಲವ್ವ ತಂಗಿಯನ್ನು ನನ್ನ ಪಕ್ಕ ಮಲಗಿಸಿ, ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.