ಭರಮಮ್ಮ ಹಚ್ಚಿದ ದೀಪ

ಹೊಸಪೇಟೆಯಲ್ಲಿ ಹೊಸ ಮನೆ ಕೊಂಡಾಗ ಸಂಡೂರಿನ ಹಳೆಯ ಮನೆ ಇನ್ನೂ ಮಾರಾಟವಾಗಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ನನ್ನ ಗಂಡ ಮಾರುತೇಶ್. ಹೊಲಿಸು ಎಂದು ಬೆನ್ನು ಹತ್ತಿದವಳು ನಾನು, ಅದು ಬೇರೆ ಮಾತು. ಹೊಸ ಮನೆ ಮಾರಿದವರು ಪರಿಚಯದವರು, ಅರ್ಧ ದುಡ್ಡಿಗೇ ಕೀಲಿ ಕೊಟ್ಟರು. ಉಳಿದದ್ದನ್ನು ದಸರಾದೊಳಗೆ ಕೊಡದಿದ್ದರೆ ಮನೆ ಬಿಡಬೇಕು. ಅದಕ್ಕೆ ಹಳೆಯದು ಮಾರಲೇಬೇಕಿತ್ತು.

ಮಾರುವ ಮನೆಯನ್ನು ಕತ್ತಲಲ್ಲಿ ಬಿಡಬಾರದು ಎನ್ನುತ್ತಾರೆ ನಮ್ಮ ಕಡೆ. ದೀಪವಿಲ್ಲದ ಮನೆಯ ಹೊಸ್ತಿಲು ಯಾರೂ ತುಳಿಯುವುದಿಲ್ಲವಂತೆ. ಮಂಗಳವಾರ, ಶುಕ್ರವಾರ ಬಸ್ ಹತ್ತಿ ಬರುವುದು ನನ್ನಿಂದಾಗದೆ ಪಕ್ಕದ ಮನೆಯ ಭರಮಮ್ಮನಿಗೆ ಕೀಲಿ ಕೊಟ್ಟೆ.

ಕಸ ಹೊಡೆದು ದೀಪ ಹಚ್ಚು ಎಂದರೆ ಅವಳು ಅಷ್ಟಕ್ಕೇ ನಿಂತಳೇ? ಹೊಸ್ತಿಲಿಗೆ ಅರಿಶಿನ ಬಳಿದಳು, ಅಂಗಳದ ತುಂಬ ರಂಗೋಲಿ ಹಾಕಿದಳು. ನಾನಿದ್ದಷ್ಟು ವರ್ಷ ಒಣಗಿಕೊಂಡೇ ಇದ್ದ ಮಲ್ಲಿಗೆ ಬಳ್ಳಿ ಅವಳ ಕೈಯಲ್ಲಿ ಹೂ ಬಿಟ್ಟಿತು. ಬಿಡಲಿ, ಆ ಹೂ ಮುಡಿದು ನನಗೇ ಫೋಟೋ ಕಳಿಸಬೇಕೇ? ಆ ಫೋಟೋ ಅಳಿಸಿಹಾಕಿದೆ. ಹೊಸಪೇಟೆಯಲ್ಲಿ ನನ್ನ ಹೆಸರು ಕೇಳಿದವರೂ ಇಲ್ಲ. ಇಲ್ಲಿ ಸಂಡೂರಿನಲ್ಲಿ ಇವಳು ನನ್ನ ಮನೆಯಲ್ಲಿ ಮೆರೆಯುತ್ತಿದ್ದಳು.

ಕಂಪ್ಲಿಯ ತೋಟಪ್ಪ, ಅವರ ಹೆಂಡತಿ ಸುಕನ್ಯಾ ಮನೆ ನೋಡಲು ಬಂದದ್ದು ಒಂದು ಶುಕ್ರವಾರ. ನಾವು ಬಸ್ಸಿಳಿದು ಬರುವಷ್ಟರಲ್ಲಿ ಅವರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ನೀರು ಕೊಡುತ್ತ, ಇಲ್ಲಿ ದೀಪ ಹಚ್ಚುವವಳು ತಾನೇ ಎಂದು ಹೇಳುತ್ತಿದ್ದವಳು ಭರಮಮ್ಮ.

"ಭಾಳ ಕಳೆ ಐತ್ರಿ ಮನಿ" ಎಂದಳು ಸುಕನ್ಯಾ, ಅವಳನ್ನೇ ನೋಡುತ್ತ. ವಾರಕ್ಕೆರಡು ಸಲ ಬರುವವಳಿಂದ ಕಳೆ ಬಂತಂತೆ!

ಮಾರುತೇಶ್ ಮತ್ತು ತೋಟಪ್ಪ ಮಾತಾಡಿದರು, ರೇಟು ಕುದುರಿತು. ಸುಕನ್ಯಾ ಚೀಲದಿಂದ ಎಲೆ ಅಡಿಕೆ ತೆಗೆದಳು.

"ನಮ್ಮ ಮನ್ಯಾಗ ಒಂದು ಪದ್ಧತಿ ಐತ್ರಿ. ದೀಪ ಹಚ್ಚಿದವರ ಕೈಗೇ ಎಲಿ ಅಡಿಕಿ ಕೊಟ್ಟು ಕೀಲಿ ಇಸ್ಕೊಂತೀವಿ. ಬರ್ರಿ ಅಕ್ಕಾ, ಕೈ ಚಾಚ್ರಿ."

"ಅಯ್ಯ, ನಾ ಯಾಕವ್ವಾ? ಒಡತಿ ಪಂಪಕ್ಕ ಇಲ್ಲೇ ಅದಾಳಲ್ಲ" ಎಂದಳು ಭರಮಮ್ಮ. ಬಾಯಿ ಹಾಗಂದರೂ ಕೈ ಆಗಲೇ ಸೆರಗು ಸರಿಮಾಡಿಕೊಳ್ಳುತ್ತಿತ್ತು. ನನ್ನ ಕಣ್ಣು ಕುರುಡಲ್ಲ.

ಅವಳ ಸೊಂಟದಿಂದ ಕೀಲಿ ಕಿತ್ತುಕೊಂಡೆ. "ಮನಿ ಮಾರಂಗಿಲ್ರಿ."

"ಏನ್ ಹಚ್ಚೀಲೇ ಇದು?" ಮಾರುತೇಶ್ ಹೌಹಾರಿದ. "ದಸರಾ ಎದುರಿಗೆ ಐತಿ!"

"ಮಾರಂಗಿಲ್ಲ ಅಂದ್ರ ಮಾರಂಗಿಲ್ಲ."

ತೋಟಪ್ಪ ಟವೆಲ್ ಕೊಡವಿ ಎದ್ದರು. "ಹಂಗ ಹೋಗಬ್ಯಾಡ್ರಿ, ಚಹಾ ಕುಡದು ಹೋಗ್ರಿ" ಎಂದು ಭರಮಮ್ಮ ಅವರನ್ನು ತನ್ನ ಮನೆಗೆ ಕರೆದೊಯ್ದಳು. ಕೈ ಮುಗಿದು ತಡೆಯಲು ಮಾರುತೇಶನೂ ಹಿಂದೆ ಓಡಿದ. ನಾನು ಅವಳ ಮನೆಯ ಕಡೆಗಿದ್ದ ನಮ್ಮ ಕಿಟಕಿಗೆ ಕಿವಿಗೊಟ್ಟೆ.

"ಹಂಗಾರ ನಿಮ್ಮ ಮನೀನ ಕೊಡ್ರಿ ಅಕ್ಕಾ" ಎಂದಳು ಸುಕನ್ಯಾ.

"ಇರೋದು ಇದೊಂದೇ, ಕೊಟ್ಟು ಎಲ್ಲಿಗೆ ಹೋಗ್ಲವ್ವಾ?"

ಎಲ್ಲರೂ ನಕ್ಕರು. ತಡೆಯಲು ಹೋದ ನನ್ನ ಗಂಡನೂ ನಕ್ಕ. ನಾನು ಕೀಲಿಯನ್ನು ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡೆ. ದಸರಾಕ್ಕೆ ಹೊಸ ಮನೆ ಕೈಬಿಡುತ್ತದೆ, ಗೊತ್ತು. ಮತ್ತೆ ಬಂದು ಇವಳ ಪಕ್ಕದಲ್ಲೇ ಬಾಳಬೇಕು, ಅದೂ ಗೊತ್ತು.